ಅಂಬಿಗೇರ ಓಣಿಯ ಟಾಕಿ

ಮಂಗಳವಾರ ಮುಂಜಾನೆ ಆರೂವರೆಗೆ ಕರಿಮಡ್ಡಿ ಗ್ರಾಮ ಪಂಚಾಯತಿಯವರು ಅಂಬಿಗೇರ ಓಣಿಯ ಕುಡಿಯುವ ನೀರಿನ ಟಾಕಿಗೆ, ಕಡಲೆ ಹೊಲದ ಕೀಡೆಗೆ ಹೊಡೆಯುವ ಎಣ್ಣೆ ಹೊಡೆಸಿದರು. ಟಾಕಿಯಲ್ಲಿದ್ದ ಮೀನುಗಳೆಲ್ಲ ಸತ್ತವು. ಏಳು ವರ್ಷದ ರಾಣಿ ಆ ನೀರು ಕುಡಿದಳು.

ಹೊಡೆದವನು ಊರಿಗೆ ನೀರು ಬಿಡುವ ಯಮನಪ್ಪ. ಅವನ ಬೆನ್ನಿಗಿದ್ದ ಪಂಪು ಶಂಕರೆಪ್ಪ ಗೌಡರದು. ಪಂಪಿನೊಳಗಿನ ಎಣ್ಣೆ ಶಂಕರೆಪ್ಪ ಗೌಡರದು. ಹೊಡೆ ಎಂದ ಬಾಯಿಯೂ ಅವರದೇ. ಗೌಡರು ಪಂಚಾಯತಿಯ ಅಧ್ಯಕ್ಷರಲ್ಲ. ಅಧ್ಯಕ್ಷೆ ಅವರ ಹೆಂಡತಿ ಸಾವಿತ್ರೆವ್ವ. ಕುರ್ಚಿ ಹೆಣ್ಣಿಗೆ ಮೀಸಲಾದ ವರ್ಷ ಗೌಡರು ಹೆಂಡತಿಯನ್ನು ಅಡುಗೆಮನೆಯಿಂದ ಎಬ್ಬಿಸಿ ತಂದು ಅದರ ಮೇಲೆ ಕೂಡಿಸಿದರು. ಸಹಿಯಾದ ಕೂಡಲೇ ಮತ್ತೆ ಒಲೆಯ ಮುಂದೆ ಕೂಡಿಸಿದರು.

ಆ ಓಣಿಯ ಆಶಾ ಕಾರ್ಯಕರ್ತೆ ಬಾಯವ್ವ. ದಿನಾ ಮುಂಜಾನೆ ಚಹಾ ಕುಡಿದು ಟಾಕಿಯ ಮುಚ್ಚಳ ಸರಿಸಿ ಮೀನು ನೋಡಿ ಬರುವುದು ಅವಳ ರೂಢಿ. ಮಂಗಳವಾರ ಅವಳು ಬರುವುದರೊಳಗೆ ಐದಾರು ಹೆಂಗಸರು ಕೊಡ ಹಿಡಿದು ಟಾಕಿಯ ನಳದ ಮುಂದೆ ಪಾಳಿ ಹಚ್ಚಿದ್ದರು. ಮುಚ್ಚಳ ಸರಿಸಿದಳು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಒಂದೆರಡಲ್ಲ. ನೀರಿನ ಮೇಲೆ ನುಚ್ಚು ಚೆಲ್ಲಿದ ಹಾಗೆ, ಈ ಅಂಚಿನಿಂದ ಆ ಅಂಚಿನ ತನಕ.

"ಕೊಡಾ ಚೆಲ್ರಿ! ಚೆಲ್ರಿ ಅಂದ್ನಿ! ಯಾರೂ ಬಾಯಿಗಿ ಹಚ್ಚಬ್ಯಾಡ್ರಿ!"

ಪಾಳಿಯ ಮುಂದಿದ್ದ ಮುದುಕಿ ರಾಚವ್ವ ಸೊಂಟದ ಮೇಲಿನ ಕೊಡವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ತಲಿ ನೆಟ್ಟಗೈತೇನಬೇ? ನಾಳಿ ತನಕ ಇದರ ಮ್ಯಾಲ ದಿನಾ ದೂಡಬೇಕು, ಚೆಲ್ಲ ಅಂತಿಯಲ್ಲ."

"ಮೀನ ಸತ್ತಾವ ರಾಚಕ್ಕ. ಎಲ್ಲಾ ಸತ್ತಾವ."

ರಾಚವ್ವ ಬಗ್ಗಿ ನೋಡಿದಳು. ಕೊಡ ಬೋರಲು ಮಾಡಿದಳು. ಉಳಿದವರೂ ಚೆಲ್ಲಿದರು. ಆ ಓಣಿಯಲ್ಲಿ ಹೆಂಗಸೊಬ್ಬಳು ತುಂಬಿದ ಕೊಡವನ್ನು ಮಣ್ಣಿಗೆ ಚೆಲ್ಲುವುದು ಹೆಣದ ಮನೆಯಲ್ಲಿ ಮಾತ್ರ. ಟಾಕಿಯ ಸುತ್ತ ಕೆಸರಾಯಿತು.

ಆಗ ಮೂರನೆಯ ಮನೆಯಿಂದ ಗಂಗಾ ಓಡಿ ಬಂದಳು. ಬಾಯವ್ವನ ಅಕ್ಕನ ಮಗಳು ಅವಳು, ರಾಣಿಯ ತಾಯಿ. ಎಲ್ಲರಿಗಿಂತ ಮೊದಲು ಎದ್ದು ಮೊದಲ ಕೊಡ ತುಂಬಿಕೊಂಡು ಹೋದವಳು. "ಚಿಗವ್ವಾ, ರಾಣಿ ವಾಂತಿ ಮಾಡಾಕ ಹತ್ಯಾಳ. ಬಾಯಾಗ ಜೊಲ್ಲ ಸುರ್ಯಾಕ ಹತ್ತೈತಿ, ನಿಂದರವಲ್ದು."

ಸತ್ತ ಮೀನುಗಳು ಓಣಿಯ ನಲವತ್ತು ಮನೆಗಳನ್ನು ಉಳಿಸಿದವು. ಗಂಗಾಳ ಮನೆಯನ್ನು ಉಳಿಸಲಿಲ್ಲ.

ಕುಡಿಯುವ ನೀರಿನ ಟಾಕಿಯಲ್ಲಿ ಮೀನು ಯಾಕಿದ್ದವು ಎಂದು ಕೇಳುವವರಿದ್ದಾರೆ. ಗೌಡರೂ ಅದನ್ನೇ ಕೇಳುತ್ತಿದ್ದರು. ಹೇಳಬೇಕು.

ಕರಿಮಡ್ಡಿಗೆ ನೀರು ಬರುವುದು ನವಿಲುತೀರ್ಥದ ಆಣೆಕಟ್ಟಿನಿಂದ. ಊರ ಹೊರಗಿನ ಮಡ್ಡಿ ಹತ್ತಿ ನಿಂತರೆ ಹಿನ್ನೀರು ಹೊಳೆಯುವುದು ಕಾಣುತ್ತದೆ. ಕಾಣುವುದು ದಿನಾ, ನಳಕ್ಕೆ ಬರುವುದು ಎಂಟು ದಿನಕ್ಕೊಮ್ಮೆ. ಅದಕ್ಕೇ ಊರ ತುಂಬ ಟಾಕಿ, ಬ್ಯಾರಲ್ಲು, ಹಂಡೆ, ಕೊಡ. ಡೆಂಗಿ ಹರಡುವ ಸೊಳ್ಳೆ ಗಟಾರದಲ್ಲಿ ಹುಟ್ಟುವುದಿಲ್ಲ, ಹೀಗೆ ಕೂಡಿಟ್ಟ ತಿಳಿನೀರಿನಲ್ಲಿ ಹುಟ್ಟುತ್ತದೆ. ಪ್ರತಿ ಮಳೆಗಾಲ ಒಂದು ಜೀಪು ಬಂದು ಮೈಕಿನಲ್ಲಿ ಕೂಗಿ ಹೋಗುತ್ತದೆ: ವಾರಕ್ಕೊಮ್ಮೆ ನೀರು ಚೆಲ್ಲಿರಿ, ಪಾತ್ರೆ ಒಣಗಿಸಿರಿ. ಎಂಟು ದಿನಕ್ಕೊಮ್ಮೆ ನೀರು ಕಾಣುವ ಹೆಂಗಸಿಗೆ ಏಳನೆಯ ದಿನ ನೀರು ಚೆಲ್ಲು ಎನ್ನುವವನು ತನ್ನ ಜನ್ಮದಲ್ಲಿ ಒಂದು ಕೊಡ ಹೊತ್ತಿರಲಿಕ್ಕಿಲ್ಲ.

ಜೀಪು ಹೋದ ಮೇಲೆ ಅದೇ ಮಾತನ್ನು ಮನೆಮನೆಗೆ ಹೋಗಿ ಹೇಳುವುದು ಬಾಯವ್ವನ ಕೆಲಸ. ಎರಡು ವರ್ಷದ ಹಿಂದೆ ರಾಚವ್ವನ ಅಂಗಳದಲ್ಲಿ ನಿಂತು ಹೇಳಿದ್ದಳು. ರಾಚವ್ವ ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿದಳು.

"ಚೆಲ್ತೇನಿ ತಗೋ. ನಿನ್ನ ಜೀಪಿನ ಸಾಹೇಬಗ ಹೇಳು, ಆಂವ ಬಂದು ತುಂಬಿಕೊಟ್ಟು ಹೋಗ್ಲಿ."

ಅಂಗಳದ ಹೆಂಗಸರೆಲ್ಲ ನಕ್ಕರು. ಬಾಯವ್ವನ ಮನೆಯಲ್ಲೂ ಅದೇ ನಾಲ್ಕು ಬ್ಯಾರಲ್ಲು. ಆ ಸಂಜೆ ಗಂಡ ರಾಮಲಿಂಗಪ್ಪನನ್ನು ಕೇಳಿದಳು. ಅವನು ನವಿಲುತೀರ್ಥದ ಹಿನ್ನೀರಿನಲ್ಲಿ ಬಲೆ ಬೀಸುವವನು.

"ನೀರಾಗಿನ ಹುಳಾ ತಿನ್ನೂ ಮೀನ ಇರತಾವೇನ?"

"ಮೀನ ಮತ್ತೇನ ರೊಟ್ಟಿ ಚಟ್ನಿ ತಿಂತಾವಂತ ಮಾಡೀಯೇನ?"

ಇಲಾಖೆಯವರು ಸವದತ್ತಿಯಲ್ಲಿ ಗಪ್ಪಿ ಮೀನು ಸಾಕಿದ್ದಾರೆ, ಕೇಳಿದವರಿಗೆ ಪುಕ್ಕಟೆ ಕೊಡುತ್ತಾರೆ ಎಂಬುದು ಬಾಯವ್ವನಿಗೆ ತರಬೇತಿಯಲ್ಲಿ ಕೇಳಿದ ನೆನಪಿತ್ತು. ಹೋದಳು. ಎರಡು ಬಕೆಟ್ ತುಂಬ, ಉಗುರಿನಷ್ಟುದ್ದದ ಮೀನು. ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿದ. "ನಿಮಗ ಫ್ರೀ ಐತಿ, ಸರಿ. ಇವ್ರಾಗ ಗಂಡ ಎಷ್ಟ, ಹೆಣ್ಣ ಎಷ್ಟ ಹೇಳ್ರಿ. ಗಂಡ ಮೀನಕ್ಕ ಟಿಕೀಟ ಹರೀತೇನಿ." ಇಡೀ ಬಸ್ಸು ನಕ್ಕಿತು. ಬಾಯವ್ವ ಬಕೆಟಿನ ಬಾಯಿಗೆ ಸೆರಗು ಮುಚ್ಚಿ, ತಾನೂ ನಗುತ್ತ ಕರಿಮಡ್ಡಿ ಕ್ರಾಸಿನಲ್ಲಿ ಇಳಿದಳು.

ಮೀನು ಬಿಟ್ಟರೆ ಮುಗಿಯಲಿಲ್ಲ. ಸೊಳ್ಳೆಯ ತತ್ತಿ ಟಾಕಿಯ ಒಳಗೋಡೆಗೆ, ನೀರಿನ ಅಂಚಿಗೆ ಅಂಟಿ ಕೂತಿರುತ್ತದೆ. ನೀರು ಇಳಿದರೂ ಸಾಯುವುದಿಲ್ಲ; ಮತ್ತೆ ನೀರು ಏರಿದಾಗ ಒಡೆಯುತ್ತದೆ. ಆದ್ದರಿಂದ ನಳ ಬರುವ ದಿನ, ನೀರು ತಳ ಕಂಡಾಗ, ಓಣಿಯ ಇಬ್ಬರು ಹೆಂಗಸರು ಪಾಳಿಯ ಮೇಲೆ ಟಾಕಿಗೆ ಇಳಿದು ಬೂದಿ ಹಚ್ಚಿದ ತೆಂಗಿನ ನಾರಿನಿಂದ ಅಂಚು ತಿಕ್ಕುವರು. ಮೀನುಗಳನ್ನು ಹಳೇ ಸೀರೆಯ ತುಂಡಿನಿಂದ ಬಳಿದು ಬಕೆಟಿಗೆ ಹಾಕಿ, ನೀರು ತುಂಬಿದ ಮೇಲೆ ಮತ್ತೆ ಬಿಡುವರು. ಮನೆಯ ಬ್ಯಾರಲ್ಲುಗಳ ಬಾಯಿಗೆ ಹಳೇ ಧೋತರ. ಸಂಜೆ ಬಾಗಿಲಲ್ಲಿ ಬೇವಿನ ಸೊಪ್ಪಿನ ಹೊಗೆ. ಇದರಲ್ಲಿ ಅಂಗಡಿಯಿಂದ ತಂದದ್ದು ಒಂದೂ ಇಲ್ಲ. ಹೋದ ವರ್ಷ ಮಳೆಗಾಲ ಮುಗಿಯುವುದರೊಳಗೆ ಮೇಲಿನ ಓಣಿಯ ಏಳು ಮಂದಿ ಡೆಂಗಿಯಾಗಿ ದವಾಖಾನೆ ಸೇರಿದರು. ಅಂಬಿಗೇರ ಓಣಿಯಲ್ಲಿ ಒಬ್ಬರೂ ಇಲ್ಲ.

ಬಾಯವ್ವ ಒಂದು ಬಕೆಟ್ ಮೀನು ಹಿಡಿದು ಮೇಲಿನ ಓಣಿಗೂ ಹೋದಳು. ಶಂಕರೆಪ್ಪ ಗೌಡರು ಕಟ್ಟೆಯ ಮೇಲೆ ಕೂತಿದ್ದರು. ಹಣೆಯ ಮೇಲೆ ಅಗಲ ವಿಭೂತಿ.

"ನಾವು ಲಿಂಗಪೂಜಿ ಮಾಡೂ ನೀರಾಗ ನಿಮ್ಮ ಮೀನ ಬಿಡಾಕ ಬಂದೀಯೇನ?"

"ಗೌಡ್ರ, ನವಿಲುತೀರ್ಥದ ನೀರಾಗೂ ಮೀನ ಅದಾವ್ರಿ. ನನ್ನ ಗಂಡ ದಿನಾ ಹಿಡೀತಾನ. ನೀವು ಪೂಜಿ ಮಾಡೂದೂ ಅದ ನೀರಲ್ಲೇನ್ರಿ?"

"ಅದು ಪೈಪಿನ್ಯಾಗ ಬರತೈತಿ."

"ಪೈಪಿನ್ಯಾಗ ಬಂದ್ರ ಮೀನ ಇದ್ದದ್ದು ಸುಳ್ಳ ಆಗತೈತೇನ್ರಿ?"

ಕಟ್ಟೆಯ ಮೇಲಿದ್ದ ಇನ್ನೊಬ್ಬರು ಕೆಮ್ಮಿದಂತೆ ಮಾಡಿ ನಗು ನುಂಗಿದರು. ಗೌಡರು ಆ ಮಾತನ್ನು ನುಂಗಲಿಲ್ಲ, ಒಳಗೆ ಇಟ್ಟುಕೊಂಡರು.

ಮೇಲಿನ ಓಣಿಯವರಿಗೆ ತಮ್ಮದೇ ಔಷಧ ಇತ್ತು. ಹೊಲಕ್ಕೆ ತಂದು ಉಳಿದ ಎಣ್ಣೆ. ಕಡಲೆಯ ಕೀಡೆ ಸಾಯುತ್ತದೆ ಎಂದ ಮೇಲೆ ಮನೆಯ ಸೊಳ್ಳೆ ಸಾಯದೇ? ಪಂಪು ಬೆನ್ನಿಗೆ ಕಟ್ಟಿಕೊಂಡು ಮಂಚದ ಕೆಳಗೆ, ಬಚ್ಚಲ ಸಂದಿಗೆ, ದನದ ಕೊಟ್ಟಿಗೆಗೆ ಹೊಡೆದರು. ಗೌಡರ ಮನೆಯ ಕರು ಗೋಡೆ ನೆಕ್ಕಿ ನಾಲ್ಕು ದಿನ ಮೇಲೇಳಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ವಿಷ ಮಾಡಿದ ಕೆಲಸಕ್ಕೆ ಕಣ್ಣಿನ ಹೆಸರು ಹೇಳುವುದು ಈ ಊರಿಗೆ ಹಳೆಯದು.

ಈ ವರ್ಷ ದಸರೆ ಮುಗಿದ ವಾರ ಗೌಡರ ಮೊಮ್ಮಗ ಅಪ್ಪುವಿಗೆ ಜ್ವರ ಬಂತು. ಡೆಂಗಿ ಎಂದು ಗೊತ್ತಾಯಿತು. ಹುಡುಗ ಗುಣವಾಗುತ್ತ ಬಂದ, ಆದರೆ ಡೆಂಗಿ ಬಂದ ಮನೆಯ ನೀರು ನೋಡಿ ಬರೆದುಕೊಳ್ಳಬೇಕೆಂಬುದು ನಿಯಮ. ಬಾಯವ್ವ ಹೋದಳು. ಬಚ್ಚಲ ಟಾಕಿಗೆ ಬಿಳಿ ಬಟ್ಟಲು ಅದ್ದಿ ಎತ್ತಿ ಬೆಳಕಿಗೆ ಹಿಡಿದಳು. ಸಾವಿತ್ರೆವ್ವ ಸೆರಗಿಗೆ ಕೈ ಒರೆಸುತ್ತ ಬಂದು ಬಗ್ಗಿದಳು. ನೆರೆಯ ಇಬ್ಬರು ಹೆಂಗಸರೂ ಬಗ್ಗಿದರು.

"ಇವೇನಬೇ ಬಾಯವ್ವ, ಹಿಂಗ ಕುಣ್ಯಾಕ ಹತ್ಯಾವ?"

"ಗುಂಗಾಡದ ಮರೀರಿ ಅಕ್ಕಾರ, ಡೆಂಗಿ ಸೊಳ್ಳೀವು. ನಾಕ ದಿನ ಬಿಟ್ರ ರೆಕ್ಕಿ ಮೂಡತಾವ. ಅಪ್ಪೂಗ ಕಡದಾಕಿ ಇವರವ್ವನ ಇರಬೇಕು."

ಸಾವಿತ್ರೆವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ನೆರೆಯವರು ತಡೆಯಲಾರದೆ ನಕ್ಕರು. ಸಂಜೆಯೊಳಗೆ ಹಾಲಿನ ಡೇರಿಯ ಮುಂದೆ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: "ಗೌಡ್ರು ಎಮ್ಮಿ ಬಿಟ್ಟು ಗುಂಗಾಡ ಸಾಕ್ಯಾರಂತಲ್ಲೋ. ಹಾಲ ಎಷ್ಟ ಕೊಡತಾವ?"

ಆ ನಗು ಗೌಡರ ಕಿವಿಗೂ ಬಿತ್ತು. ನಾಲ್ಕನೆಯ ದಿನ ಯಮನಪ್ಪನನ್ನು ಕರೆದು ಪಂಪು ಕೊಟ್ಟರು. "ಗುಂಗಾಡ ಹುಟ್ಟೂದು ಆ ಮೀನಿನ ಹೊಲಸಿನ್ಯಾಗ. ಮುಚ್ಚಳಾ ಸರಿಸಿ ಒಳಗೂ ಹೊಡಿ."

"ಕುಡಿಯೂ ನೀರ ಐತಿರಿ ಯಪ್ಪಾ."

"ಅಷ್ಟ ನೀರಾಗ ಇಷ್ಟ ಎಣ್ಣಿ, ಏನಾಗತೈತಿ? ನಿನಗ ಪಗಾರ ಕೊಡೂದು ಆ ಓಣಿಯವರೋ ಪಂಚಾಯತಿಯೋ?"

ಯಮನಪ್ಪ ಹೊಡೆದ. ಓಣಿಯವರಿಗೆ ಹೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಹೊಲದಲ್ಲಿ ಎಣ್ಣೆ ಹೊಡೆದರೆ ಬದುವಿಗೆ ಕೆಂಪು ಚಿಂದಿ ಕಟ್ಟುತ್ತಾರೆ, ಪಕ್ಕದ ಹೊಲದವನ ದನ ಬಾಯಿ ಹಾಕದಿರಲಿ ಎಂದು. ದನಕ್ಕೆ ಇರುವ ಆ ಚಿಂದಿ ಅಂಬಿಗೇರ ಓಣಿಗೆ ಇರಲಿಲ್ಲ.

ಸವದತ್ತಿಯ ದವಾಖಾನೆ ಮುಟ್ಟುವ ಹೊತ್ತಿಗೆ ರಾಣಿಯ ಮೈಯೆಲ್ಲ ಬೆವರಿ ತೊಯ್ದಿತ್ತು. ತೊಡೆಯ ಮಾಂಸ ತನ್ನಷ್ಟಕ್ಕೆ ಅದುರುತ್ತಿತ್ತು. ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರು ಹುಡುಗಿಯ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡಿದಳು. ಕಣ್ಣಿನ ಗೊಂಬೆ ಸಾಸಿವೆ ಕಾಳಿನಷ್ಟಾಗಿತ್ತು.

"ಏನು ಕುಡಿದಳು?"

"ನೀರ್ರಿ. ಬರೇ ನೀರ," ಎಂದಳು ಗಂಗಾ.

"ನೀರಲ್ಲಿ ಏನಿತ್ತು? ಹೊಲಕ್ಕೆ ಹೊಡೆಯುವ ಔಷಧದ ಹಾಗೆ ಕಾಣುತ್ತೆ. ಸೂಜಿ ಶುರು ಮಾಡ್ತೀನಿ. ಆದರೆ ಯಾವುದು ಅಂತ ಗೊತ್ತಾಗಬೇಕು, ಒಂದಕ್ಕೆ ಕೊಡೋದು ಇನ್ನೊಂದಕ್ಕೆ ಆಗಲ್ಲ. ಡಬ್ಬಿ ಸಿಗುತ್ತಾ?"

ಓಣಿಯ ಹುಡುಗನೊಬ್ಬ ಯಮನಪ್ಪ ಪಂಪು ಹೊತ್ತು ಹೋದದ್ದನ್ನು ನೋಡಿದ್ದ. ಅದನ್ನು ದಾರಿಯಲ್ಲೇ ಫೋನಿನಲ್ಲಿ ತಿಳಿದುಕೊಂಡಿದ್ದಳು ಬಾಯವ್ವ. ಹೊರಗೆ ಬಂದು ಯಮನಪ್ಪನಿಗೆ ಫೋನು ಹಚ್ಚಿದಳು. ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲಕ್ಕೆ ಎತ್ತಿದ.

"ಯಮನಪ್ಪಣ್ಣ, ಏನ ಹೊಡದಿ?"

"ಗುಂಗಾಡದ ಔಷಧಾ."

"ಹೆಸರ ಹೇಳು."

"ನನಗ ಓದಾಕ ಬರತೈತೇನಬೇ?"

"ಡಬ್ಬಿ ಎಲ್ಲೈತಿ?"

ಅವನ ಹಿಂದೆ ಎಲ್ಲೋ ಎಮ್ಮೆ ಕೂಗಿತು.

"ಗೌಡ್ರು ಒಯ್ದ್ರು. ಕೇಳಿದ್ರ ಏನೂ ಹೇಳಬ್ಯಾಡ ಅಂದಾರ."

"ರಾಣಿ ಮಲಗ್ಯಾಳ ಇಲ್ಲಿ. ನಿನ್ನ ಮೊಮ್ಮಗಳ ಸಂಗಾತ ಸಾಲಿಗಿ ಹೋಗೂ ರಾಣಿ. ಆಕಿ ಕುಡದಾಳ. ಏನರ ಹೇಳು. ಬಣ್ಣಾ ಹೇಳು, ವಾಸನಿ ಹೇಳು."

"ವಾಸನಿ... ಬಳ್ಳೊಳ್ಳಿ ಕೊಳತಂಗ ಇತ್ತು ತಂಗಿ. ನೀರಾಗ ಬಿದ್ದ ಕೂಡ್ಲೆ ಹಾಲಿನಂಗ ಬೆಳ್ಳಗಾತು. ಡಬ್ಬೀ ಮ್ಯಾಲ ಕೆಂಪ ಚೌಕಟ್ಟ ಇತ್ತು, ಮನುಷ್ಯಾನ ಬುರಡಿ ಇತ್ತು. ಇಷ್ಟ ಗೊತ್ತ ನನಗ."

ಬುರುಡೆಯ ಚಿತ್ರ ಓದಲು ಬಾರದವರಿಗಾಗಿಯೇ ಹಾಕಿದ್ದು. ಓದಲು ಬರುವ ಗೌಡರು ಆ ಎಣ್ಣೆಯನ್ನು ಅವನ ಬೆನ್ನಿಗೆ ಕಟ್ಟಿದ್ದರು.

ಬಾಯವ್ವ ಓಡಿ ಒಳಗೆ ಹೋಗಿ ಹೇಳಿದಳು. ಡಾಕ್ಟರು ತಲೆಯಾಡಿಸಿ ನರ್ಸಿಗೆ ಇನ್ನೊಂದು ಸೂಜಿಯ ಹೆಸರು ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ರಾಣಿಯ ಗಂಟಲಿಗೆ ನಳಿಗೆ ಇಳಿಸಿದರು. ಉಸಿರನ್ನು ಯಂತ್ರ ಆಡಿಸತೊಡಗಿತು. ಗಂಗಾ ಗೋಡೆಗೆ ತಲೆ ಆನಿಸಿ ಕೂತವಳು ಕೂತೇ ಇದ್ದಳು.

"ಮೂರು ದಿನ ಕಳೆಯೋ ತನಕ ಉಳೀತಾಳೆ ಅಂತ ನಾನು ಹೇಳಕ್ಕಾಗಲ್ಲ," ಎಂದಳು ಡಾಕ್ಟರು. "ಪೊಲೀಸರಿಗೆ ತಿಳಿಸಿದ್ದೀನಿ, ನಿಯಮ ಅದು. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಆರೋಗ್ಯಾಧಿಕಾರಿಗಳು ನಿಮ್ಮೂರಿಗೆ ಬಂದು ನೀರು ತಗೊಂಡು ಹೋಗ್ತಾರೆ. ಅಲ್ಲಿ ತನಕ ಟಾಕಿ ಹಾಗೇ ಇರಲಿ. ಯಾರೂ ಮುಟ್ಟೋ ಹಾಗಿಲ್ಲ. ವಾಸನೆ ಹೀಗಿತ್ತು, ಬಣ್ಣ ಹಾಗಿತ್ತು ಅಂತ ನಾನು ಬರೆಯಬಹುದು. ಕೇಸಿನಲ್ಲಿ ಅದು ನಿಲ್ಲಲ್ಲ. ನೀರು ಬೇಕು."

ಬುಧವಾರ ಮೊದಲ ಬಸ್ಸಿಗೆ ಬಾಯವ್ವ ಕರಿಮಡ್ಡಿಗೆ ಬಂದಳು. ಬುಧವಾರ ಅಂಬಿಗೇರ ಓಣಿಗೆ ನಳ ಬರುವ ದಿನ. ಹತ್ತು ಗಂಟೆಗೆ ಬಿಡುತ್ತಾರೆ, ಒಂದು ತಾಸು ಬರುತ್ತದೆ, ಆಮೇಲೆ ಮುಂದಿನ ಬುಧವಾರ.

ಒಂಬತ್ತೂವರೆಗೆ ಗೌಡರು ಟಾಕಿಯ ಬಳಿ ನಿಂತಿದ್ದರು. ಜೊತೆಗೆ ಯಮನಪ್ಪ, ಎರಡು ಕಸಬರಿಗೆ, ಒಂದು ಬುಟ್ಟಿ ಬ್ಲೀಚಿಂಗ್ ಪುಡಿ. ಓಣಿಯ ಹೆಂಗಸರು ಖಾಲಿ ಕೊಡಗಳೊಂದಿಗೆ ದೂರ ನಿಂತಿದ್ದರು. ಬಾಯವ್ವ ನೇರ ಬಂದು ಟಾಕಿಯ ಮುಚ್ಚಳದ ಮೇಲೆ ಕೂತಳು. ಹಿಂದಿನ ದಿನದ ಸೀರೆಯೇ ಮೈಮೇಲಿತ್ತು. ಸೆರಗಿನ ಮೇಲೆ ರಾಣಿಯ ವಾಂತಿಯ ಕಲೆ.

"ಬಂದಿ? ಛಲೋ ಆತು," ಎಂದರು ಗೌಡರು. "ಕೂಸ ಹೆಂಗೈತಿ?"

"ಮಶೀನ ಉಸರಾಡಾಕ ಹತ್ತೈತ್ರಿ."

"ದೇವರ ದೊಡ್ಡಾಂವ. ಈಗ ಹಿಂಗ ಮಾಡು. ನಿಮ್ಮ ಹೆಂಗಸರನ್ನ ಕರಕೊಂಡು ಟಾಕಿ ಖಾಲಿ ಮಾಡು, ತಿಕ್ಕಿ ತೊಳಸು. ಹತ್ತಕ್ಕ ನೀರ ಬರತೈತಿ."

"ತೊಳ್ಯಾಂಗಿಲ್ರಿ. ಮಧ್ಯಾನ ಸಾಹೇಬ್ರು ಬರತಾರ."

"ಅದಕ್ಕ ಹೇಳಾಕ ಹತ್ತೇನಿ. ಸಾಹೇಬ್ರು ಬರೂದ್ರಾಗ ಸ್ವಚ್ಛ ಇರಬೇಕು. ಊರ ಮರ್ಯಾದಿ ಪ್ರಶ್ನಿ."

"ಊರ ಮರ್ಯಾದಿ ಅಲ್ಲಿ ಮಲಗೈತ್ರಿ, ಗಂಟಲಾ ತುಂಬ ನಳಗಿ ಹಾಕ್ಕೊಂಡು."

ಗೌಡರು ದನಿ ಏರಿಸಿದರು, ಎಲ್ಲರಿಗೂ ಕೇಳಲಿ ಎಂದು. "ಮೀನ ಬಿಟ್ಟಾಕಿ ಯಾರು? ನೀನು. ಮೀನ ಸತ್ತು ಕೊಳತಾವ, ನೀರ ಕೆಟ್ಟೈತಿ, ಕೂಸ ಕುಡದೈತಿ. ಹೊಲಸ ಮಾಡಿದವರು ತೊಳೀಬೇಕು."

"ಸೋಮವಾರ ಸಂಜಿಗಿ ಈಜಾಡೂ ಮೀನ ಮಂಗಳವಾರ ಮುಂಜಾನಿ ಅನ್ನೂದ್ರಾಗ ಹೆಂಗ ಕೊಳತಾವ್ರಿ ಗೌಡ್ರ? ಮತ್ತ ಕೊಳತ ಮೀನಿಗಿ ಬಳ್ಳೊಳ್ಳಿ ವಾಸನಿ ಬರತೈತೇನ್ರಿ?"

"ಬಾಯವ್ವ, ನಿನ್ನ ಕೆಲಸಾ ಪಂಚಾಯತಿ ಕೈಯಾಗೈತಿ. ಒಂದ ಕಾಗದಾ ಬರದ್ರ ನಾಳಿಂದ ಮನ್ಯಾಗ ಕುಂದರತಿ."

"ಬರೀರಿ. ಸಹಿಗಿ ಅಕ್ಕಾರನ್ನ ಅಡಗಿ ಮನ್ಯಾಗಿಂದ ಕರೀಬೇಕಲ್ರಿ, ರೊಟ್ಟಿ ಹೊತ್ತೀತು."

ಕೊಡಗಳ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆದರೆ ನಗು ಹರಡಲಿಲ್ಲ. ರಾಚವ್ವ ಕೊಡ ಕೆಳಗಿಟ್ಟು ಮುಂದೆ ಬಂದಳು.

"ಬಾಯಿ, ಸಿಟ್ಟ ನನಗೂ ಐತಿ. ಆದ್ರ ಇವತ್ತ ತಪ್ಪಿದ್ರ ಮತ್ತ ಎಂಟ ದಿನ. ನಮ್ಮ ಸೊಸಿ ಹಸೀ ಬಾಣಂತಿ. ಕೂಸಿನ ಅರಬಿ ಒಗ್ಯಾಕ ಮನ್ಯಾಗ ಒಂದ ತಂಬಗಿ ನೀರಿಲ್ಲ. ಏನ ಮಾಡ್ಲಿ ಹೇಳು?"

ಬಾಯವ್ವ ಯಾರ ಮೇಲೆ ಸಿಟ್ಟಿಗೆದ್ದಿದ್ದಳೋ ಅವರಿಗೆ ಮನೆಯಲ್ಲಿ ಕೊಳವೆಬಾವಿ ಇತ್ತು. ನೀರಿಲ್ಲದೆ ಸಾಯುವವರು ಈ ಕಡೆ ಇದ್ದರು. ಅವಳು ಮುಚ್ಚಳದ ಮೇಲಿಂದ ಇಳಿಯದೆ ಗೌಡರ ಕಡೆ ತಿರುಗಿದಳು.

"ಎಂಟ ದಿನಕ್ಕ ಎರಡ ಟ್ಯಾಂಕರ ಕಳಸ್ರಿ ಗೌಡ್ರ. ನಿಮ್ಮ ಟ್ರ್ಯಾಕ್ಟರ ಐತಿ, ನಿಮ್ಮ ಬೋರ ಐತಿ. ಸಾಹೇಬ್ರು ನೀರ ಒಯ್ಯಲಿ. ಆಮ್ಯಾಲ ನಾನ ಇಳದು ತೊಳೀತೇನಿ."

ಗೌಡರಿಗೆ ಗೆದ್ದೆ ಅನಿಸಿರಬೇಕು. ಮೀಸೆಯ ಮೇಲೆ ಕೈ ಹೋಯಿತು. "ಟಾಕಿ ತೊಳದ್ರ ನೀರು. ಇಲ್ಲಾಂದ್ರ ಇಲ್ಲ. ಬಾಣಂತಿ ನೋಡ್ಕೋರಿ, ಕೂಸ ನೋಡ್ಕೋರಿ, ವಿಚಾರ ಮಾಡ್ರಿ."

ರಾಚವ್ವ ಅವರನ್ನೇ ನೋಡಿದಳು. ಐವತ್ತು ವರ್ಷ ಆ ಮನೆತನದ ಮುಂದೆ ಸೆರಗು ಹೊದ್ದು ನಿಂತವಳು. ಸೆರಗು ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಅಂದ್ರ ವಿಷಾ ಹಾಕಾಂವನೂ ನೀನ, ನೀರ ಕಟ್ಟಾಂವನೂ ನೀನ. ಮತ್ತ ಬಾಣಂತಿ ಹೆಸರ ನಿನ್ನ ಬಾಯಾಗ!"

'ನೀನು' ಎಂಬ ಮಾತು ಓಣಿಯ ಮೇಲೆ ಬಿದ್ದಿತು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಗೌಡರ ಮುಖ ಕೆಂಪಾಯಿತು.

"ವಿಷಾ? ಯಾರ ವಿಷಾ? ನನಗ ಎಣ್ಣಿ ಗಿಣ್ಣಿ ಏನೂ ಗೊತ್ತಿಲ್ಲ. ಯಾರರ ಏನರ ಹೊಡದಿದ್ರ ಇಂವ ಹೊಡದಿರಬೇಕು," ಎಂದು ಯಮನಪ್ಪನ ಕಡೆ ಬೆರಳು ಮಾಡಿದರು. "ಓದಾಕ ಬರದಾಂವ, ಯಾವದೋ ಡಬ್ಬಿ ಎತ್ತಿಕೊಂಡು ಬಂದಿರತಾನ. ಅವನ ಸಲುವಾಗೇ ನಾ ಇಷ್ಟ ಒದ್ದಾಡಾಕ ಹತ್ತೇನಿ. ನೀರ ಪರೀಕ್ಷಾಕ್ಕ ಹೋತಂದ್ರ ಬಡವ ಜೇಲಿಗಿ ಹೋಗತಾನ. ತಿಳಿತೇನ?"

ಯಮನಪ್ಪ ಮುಂಜಾನೆಯಿಂದ ತಲೆ ತಗ್ಗಿಸಿಯೇ ನಿಂತಿದ್ದ. ಈಗ ಎತ್ತಿದ. ಗೌಡರನ್ನು ನೋಡಿದ, ಅವರ ಬೆರಳು ಇನ್ನೂ ತನ್ನ ಕಡೆಗೇ ಇತ್ತು.

"ಯಪ್ಪಾ, ಪಂಪ ನಿಮ್ದು," ಎಂದ, ಮೆಲ್ಲಗೆ. "ಎಣ್ಣಿ ನೀವ ಅಳದು ಹಾಕಿದ್ರಿ."

"ಬಾಯಿ ಮುಚ್ಚು. ಇವರ ಕೂಡ ಏನ ಮಾತು. ಕಸಬರಗಿ ಬ್ಯಾಡ, ಏನೂ ಬ್ಯಾಡ. ವಾಲ್ ತಿರುವು. ನೀರ ಬಿಡು. ಟಾಕಿ ತುಂಬಿ ಹೊರಗ ಹರೀಲಿ, ಮೀನ ವಾಸನಿ ಎಲ್ಲಾ ಕೊಚ್ಚಿಕೊಂಡು ಗಟಾರಕ್ಕ ಹೋಗಲಿ. ಆಮ್ಯಾಲ ಈಕಿ ಹಗಲೆಲ್ಲಾ ಅದರ ಮ್ಯಾಲ ಕುಂದರಲಿ."

ವಾಲ್ವಿನ ಕುಣಿ ಟಾಕಿಯಿಂದ ಹತ್ತು ಹೆಜ್ಜೆ. ಯಮನಪ್ಪ ಹೆಗಲ ಮೇಲಿನ ಉದ್ದನೆಯ ಕಬ್ಬಿಣದ ಚಾವಿ ಇಳಿಸಿಕೊಂಡು ಅತ್ತ ನಡೆದ. ಹೆಂಗಸರು ದಾರಿ ಬಿಟ್ಟರು. ಯಾಕೆ ಬಿಟ್ಟರೋ, ಬಾಯಾರಿಕೆಯೋ ರೂಢಿಯೋ, ಅವರಿಗೇ ತಿಳಿಯದು. ಅವನು ಕುಣಿಯ ಮೇಲಿನ ಹಾಸುಗಲ್ಲು ಸರಿಸಿದ.

ಬಾಯವ್ವ ಓಡಿ ಹೋಗಿ ಅಡ್ಡ ಬೀಳಬಹುದಿತ್ತು. ಮುಚ್ಚಳ ಬಿಟ್ಟು ಎದ್ದರೆ ಗೌಡರು ಅದನ್ನು ತೆಗೆಸುತ್ತಾರೆ. ಕೂತಲ್ಲಿಂದಲೇ ಹೇಳಿದಳು. ದನಿ ಏರಿಸಲಿಲ್ಲ.

"ಯಮನಪ್ಪಣ್ಣ, ನಿನ್ನಿ ನೀ ವಾಸನಿ ಹೇಳಿದಿ, ಬಣ್ಣಾ ಹೇಳಿದಿ. ಅದರ ಮ್ಯಾಲ ಡಾಕ್ಟರ ಸೂಜಿ ಬದಲ ಮಾಡಿದ್ರು. ರಾಣಿ ಇವತ್ತ ಇದ್ದಾಳಂದ್ರ ಅದರಾಗ ನಿಂದೂ ಪಾಲೈತಿ. ಹೊಡದದ್ದೂ ನಿನ್ನ ಕೈಯ. ಅದನ್ನ ನಾ ಮರ್ಯಾಂಗಿಲ್ಲ, ಪೋಲೀಸರ ಮುಂದೂ ಹೇಳತೇನಿ. ಹೊಡಿ ಅಂದವರ ಹೆಸರೂ ಹೇಳತೇನಿ. ಆದ್ರ ನೀರ ಹರದು ಹೋತಂದ್ರ ನನ್ನ ಮಾತ ಯಾರ ಕೇಳತಾರ? ಹೊಡಿ ಅಂದವರು ಮನ್ಯಾಗ ಉಳೀತಾರ. ಹೊಡದಾಂವ ನೀ ಒಬ್ಬನ ಉಳೀತಿ."

"ತಿರುವಲೇ!" ಎಂದರು ಗೌಡರು.

ಯಮನಪ್ಪ ಬಗ್ಗಿ ಚಾವಿಯನ್ನು ವಾಲ್ವಿನ ತಲೆಗೆ ಕೂಡಿಸಿದ. ಎರಡೂ ಕೈಯಿಂದ ಹಿಡಿದ. ಇಪ್ಪತ್ತೆರಡು ವರ್ಷ ಅವನು ತಿರುಗಿಸಿದ ಚಾವಿ. ಹಿಡಿಕೆ ಅವನ ಅಂಗೈಯ ಅಳತೆಗೆ ಸವೆದಿತ್ತು. ಬೆನ್ನಿನ ಎಲುಬು ಅಂಗಿಯೊಳಗಿಂದ ಎದ್ದು ಕಂಡಿತು. ತಿರುವಲಿಲ್ಲ.

"ಕಿವಿ ಕೇಳಸವಲ್ದೇನ? ಹತ್ತ ಆತು!"

ಯಮನಪ್ಪ ಚಾವಿಯನ್ನು ಕಿತ್ತು ಹೊರಗೆಳೆದ. ನೆಟ್ಟಗೆ ನಿಂತ. ಚಾವಿಯನ್ನು ಹೆಗಲಿಗೇರಿಸಿ ಗೌಡರ ಕಡೆ ತಿರುಗಿದ.

"ಒಲ್ಲೆರಿ."

"ಏನಂದಿ?"

"ನಾ ತಿರುವಾಂಗಿಲ್ಲ. ಸಾಹೇಬ್ರು ಬಂದು ನೀರ ಒಯ್ಯಲಿ."